ಹೊಟ್ಟೆಯೊಳಗಿನ ಮೂಲಗೇಣಿ

ಆಸ್ಪತ್ರೆಯ ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗರು ನನ್ನನ್ನು ಮೊದಲು ಕೇಳುವುದು ವಾಸನೆಯ ವಿಷಯ. ಇಷ್ಟು ವರ್ಷ ಹೇಗೆ ತಡೆದುಕೊಂಡಿರಿ, ಮಧ್ಯಾಹ್ನದ ಊಟ ಹೇಗೆ ಸೇರುತ್ತಿತ್ತು ಎಂದು. ವಾಸನೆಗೆ ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಕೊನೆಯವರೆಗೂ ಒಗ್ಗದೆ ಉಳಿಯುವುದು ಮಲಪರೀಕ್ಷೆಗೆ ಡಬ್ಬಿ ತರುವವರ ನಾಚಿಕೆ. ನನ್ನ ಕೆಲಸದ ಅರ್ಧ ಭಾಗ ಮೈಕ್ರೋಸ್ಕೋಪಿನ ಮುಂದೆ ನಡೆಯಿತು. ಉಳಿದರ್ಧ ಆ ನಾಚಿಕೆಯನ್ನು ಸಮಾಧಾನ ಮಾಡುವುದರಲ್ಲಿ ಕಳೆಯಿತು.

ಈ ಕಥೆಗಳನ್ನು ನಮ್ಮ ಮನೆಯಲ್ಲಿ ಹೇಳುತ್ತಿದ್ದವಳು ನನ್ನ ಹೆಂಡತಿ ದೇವಕಿ. ನೆಂಟರು ಬಂದು ಕುಳಿತರೆ ಸಾಕು, ಶುರುಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಎಲೆಯಡಿಕೆ ಜಗಿಯುತ್ತಾ ಕೇಳುತ್ತಿದ್ದೆ. ಎಲ್ಲಾದರೂ ತಪ್ಪಿದರೆ ತಿದ್ದುತ್ತಿದ್ದೆ, ತಿದ್ದಿದ್ದಕ್ಕೆ ಬೈಸಿಕೊಳ್ಳುತ್ತಿದ್ದೆ. ಈ ಸಲದ ಆಟಿ ತಿಂಗಳ ಮಳೆಯಲ್ಲಿ ಅವಳು ತೀರಿಕೊಂಡಳು. ಈಗ ಮನೆಯಲ್ಲಿ ಹೇಳುವವಳು ಇಲ್ಲ, ತಿದ್ದುವವನು ಮಾತ್ರ ಉಳಿದಿದ್ದಾನೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಮೊದಲನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ. ಎಂಟನೇ ಕ್ಲಾಸಿನವರೆಗೆ ಓದಿದ್ದೆ, ಅಕ್ಷರ ದುಂಡಗಿತ್ತು, ಅಷ್ಟೇ ಅರ್ಹತೆ. ಲ್ಯಾಬು ಎಂದರೆ ಜಗಲಿಯ ಕೊನೆಯಲ್ಲಿ ಬಡಗು ದಿಕ್ಕಿಗೆ ಕಿಟಕಿ ಇದ್ದ ಒಂದು ಕೋಣೆ. ಮೈಕ್ರೋಸ್ಕೋಪು ಒಂದೇ. ಅದರ ಕೆಳಗಿನ ಕನ್ನಡಿಯನ್ನು ತಿರುಗಿಸಿ ಆಕಾಶದ ಬೆಳಕನ್ನು ಹಿಡಿಯಬೇಕು. ಮಂಗಳೂರಿನ ಮಳೆಗಾಲದಲ್ಲಿ ಆಕಾಶವೇ ಇರುವುದಿಲ್ಲ. ರಿಪೋರ್ಟು ಯಾಕೆ ತಡವಾಯಿತು ಎಂದು ವಾರ್ಡಿನಿಂದ ಕೇಳಿದರೆ, ಮೋಡ ಎಂದು ಹೇಳಿ ಕಳುಹಿಸುತ್ತಿದ್ದೆವು. ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಮುಂದೆ ಡಾಕ್ಟರು ಒಂದು ಉಪಾಯ ಕಲಿತು ಬಂದರು. ಗಾಜಿನ ಬುರುಡೆಯಲ್ಲಿ ಮೈಲುತುತ್ತಿನ ನೀಲಿ ನೀರು ತುಂಬಿಸಿ, ಅದರ ಹಿಂದೆ ಸೀಮೆಎಣ್ಣೆ ದೀಪ ಇಡುವುದು. ಹಳದಿ ಬೆಳಕು ಬೆಳ್ಳಗಾಗಿ ಬರುತ್ತಿತ್ತು. ಈಗಿನವರಿಗೆ ಸ್ವಿಚ್ಚು ಒತ್ತಿದರೆ ಬಲ್ಬು ಉರಿಯುತ್ತದೆ. ನಮಗೆ ಬೆಳಕನ್ನು ತಯಾರಿಸುವುದೇ ಬೆಳಗಿನ ಕೆಲಸ.

ಡಾಕ್ಟರು ಮದ್ರಾಸಿನಲ್ಲಿ ಓದಿದವರು, ಗಿಡ್ಡ ಆಳು, ಮೂಗಿನ ತುದಿಯಲ್ಲಿ ಸಿಟ್ಟು. ನಾನು ನೋಡುತ್ತಿರುವಾಗ ಬೆನ್ನ ಹಿಂದೆ ಬಂದು ನಿಂತು, "ಎಂತ ಕಾಣ್ತದೆ?" ಎಂದು ಕೇಳುವರು. ಅಮೀಬಾ ಎಂದರೆ ಮುಗಿಯಿತು.

"ನಾನು ಹೆಸರು ಕೇಳಿದ್ದಾ? ಎಂತ ಕಾಣ್ತದೆ ಹೇಳು."

ಉರುಟಾಗಿದೆಯೇ ಉದ್ದವೇ, ಅಂಚು ದಪ್ಪವೇ ತೆಳುವೇ, ಒಳಗೆ ಚುಕ್ಕೆ ಉಂಟೋ ಇಲ್ಲವೋ, ಅಷ್ಟನ್ನೇ ಹೇಳಬೇಕು. ಹೆಸರು ಕೊನೆಗೆ. ನೋಡಿದ್ದು ಬೇರೆ, ಊಹಿಸಿದ್ದು ಬೇರೆ. ಈ ಕೆಲಸದಲ್ಲಿ ನಾನು ಕಲಿತ ಪಾಠ ಅದೊಂದೇ. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಒಂದು ಡಬ್ಬಿಯಲ್ಲಿ ಕಪ್ಪು ಎಳೆಗಳನ್ನು ಕಂಡು, ಇದು ಹೊಸ ಜಾತಿಯ ಹುಳ ಎಂದುಬಿಟ್ಟರು. ಡಾಕ್ಟರು ವಿನಯದಿಂದ ತಲೆಯಾಡಿಸಿ, ಅವರು ಹೋದ ಮೇಲೆ ರೋಗಿಯನ್ನು ಕರೆಸಿ ಹಿಂದಿನ ದಿನ ಏನು ತಿಂದೆ ಎಂದು ಕೇಳಿದರು. ಬಾಳೆಹಣ್ಣು. ಎಳೆಗಳೆಲ್ಲ ಬಾಳೆಹಣ್ಣಿನ ನಾರು.

ಡಬ್ಬಿ ಎಂದರೆ ಮುಲಾಮು ತುಂಬುವ ಸಣ್ಣ ತಗಡಿನ ಡಬ್ಬಿ. ಅದನ್ನು ಕೊಟ್ಟು, ನಾಳೆ ಬೆಳಿಗ್ಗೆ ಸ್ಯಾಂಪಲ್ ತನ್ನಿ ಎನ್ನುವುದು ಕ್ರಮ. ಬಂದರಿನ ಸಾಹುಕಾರರೊಬ್ಬರಿಗೆ ಹಾಗೆ ಹೇಳಿದೆ. ಅವರದು ಕರಿಮೆಣಸಿನ ವ್ಯಾಪಾರ, ಸ್ಯಾಂಪಲ್ ಎಂಬ ಮಾತು ಅವರಿಗೆ ದಿನಬೆಳಗಾದರೆ ಬೇಕು. ಮರುದಿನ ಅವರ ಆಳು ಜಟಕಾದಲ್ಲಿ ಬಂದ. ಡಬ್ಬಿಗೆ ಬಟ್ಟೆ ಸುತ್ತಿ, ಅರಗು ಹಾಕಿ, ಮಂಡಿಯ ಮುದ್ರೆ ಒತ್ತಿದ್ದರು. ಸಂಜೆ ಸಾಹುಕಾರರೇ ಬಂದು ಮೆಲ್ಲಗೆ ಕೇಳಿದರು: "ನಮ್ಮದು ಎಷ್ಟನೇ ದರ್ಜೆ ಬಂತು?" ಎರಡನೇ ದರ್ಜೆ, ಸ್ವಲ್ಪ ಹುಳ ಉಂಟು ಎಂದೆ. ಮಳೆಗಾಲದ ಮಾಲು ಹಾಗೆಯೇ ಎಂದು ಅವರೇ ನನಗೆ ಸಮಾಧಾನ ಹೇಳಿ ಹೋದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಒಂದು ವರ್ಷ ಮಳೆ ಶುರುವಾದ ಹೊತ್ತಿಗೆ ಮಕ್ಕಳ ವಾರ್ಡಿನಲ್ಲಿ ಭೇದಿ ಕಾಣಿಸಿಕೊಂಡಿತು. ಬೇರೆ ಕಾಯಿಲೆಗೆ ಬಂದ ಮಕ್ಕಳೂ ಭೇದಿ ಹತ್ತಿಸಿಕೊಂಡು ಮಲಗಿದವು. ಡಾಕ್ಟರು ಎಲ್ಲರ ಡಬ್ಬಿ ತರಿಸಿದರು. ಅಮೀಬಾ ಸಿಕ್ಕಿದ್ದು ಕಡಿಮೆ. ಸಿಕ್ಕಿದ್ದು ಮತ್ತೊಂದು. ಉರುಟಾಗಿ, ನಡುವೆಲ್ಲ ಖಾಲಿ, ಅಂಚಿನಲ್ಲಿ ಮಾತ್ರ ಸಣ್ಣ ಸಣ್ಣ ಚುಕ್ಕೆ. ಹೆಂಗಸರು ಹಾಕಿಕೊಳ್ಳುವ ಕಲ್ಲಿನ ಬಳೆಯ ಹಾಗೆ. ಪುಸ್ತಕದಲ್ಲಿ ಅದಕ್ಕೆ ಬ್ಲಾಸ್ಟೋಸಿಸ್ಟಿಸ್ ಎಂಬ ಹೆಸರಿತ್ತು. ನಾವು ಉರುಟು ಎನ್ನುತ್ತಿದ್ದೆವು, ನಮ್ಮ ಕಡೆ ದುಂಡಗಿನದಕ್ಕೆ ಹೇಳುವ ಮಾತು. ಅದು ಪ್ರಾಣಿಯೋ, ಹಿಟ್ಟು ಹುಳಿ ಬರಿಸುವ ಬೂಷ್ಟಿನ ಜಾತಿಯದೋ ಎಂಬುದರಲ್ಲೇ ಪುಸ್ತಕಗಳಿಗೆ ಒಮ್ಮತ ಇರಲಿಲ್ಲ. ಅದರಿಂದ ರೋಗ ಬರುತ್ತದೆ ಎಂದು ಒಬ್ಬರು ಬರೆದಿದ್ದರೆ, ಅದು ಸುಮ್ಮನೆ ಇರುವಂಥದ್ದು ಎಂದು ಮತ್ತೊಬ್ಬರು ಬರೆದಿದ್ದರು.

ಬಳಿಕ ಅಡಿಗೆಮನೆಯವರ ಸರದಿ. ಅಡಿಗೆಗೆ ಇದ್ದವಳು ದೇವಕಿ, ಕುದ್ರೋಳಿಯವಳು. ತಂದೆ ಇರಲಿಲ್ಲ, ತಾಯಿ ಮತ್ತು ಅವಳು ಆ ಸಂಬಳದಲ್ಲೇ ಬದುಕುತ್ತಿದ್ದರು. ಅವಳ ಡಬ್ಬಿಯಲ್ಲಿ ಉರುಟು ಹೇರಳವಾಗಿತ್ತು. ನಾನು ಕಂಡದ್ದನ್ನು ಹೇಳಿದೆ. ಡಾಕ್ಟರು ಸ್ವತಃ ಬಗ್ಗಿ ನೋಡಿದರು. ಆ ದಿನದಿಂದಲೇ ಅವಳನ್ನು ಅಡಿಗೆಮನೆಯಿಂದ ಹೊರಗಿಟ್ಟರು. ಉರುಟು ಹೋದರೆ ವಾಪಸು ಬರಬಹುದು, ಇಲ್ಲದಿದ್ದರೆ ಬೇರೆ ಜನ ನೋಡುತ್ತೇವೆ ಎಂದರು.

ಔಷಧ ಶುರುವಾಯಿತು. ಹರಳೆಣ್ಣೆ ಆಯಿತು, ಬಿಸ್ಮತ್ ಆಯಿತು, ಅಮೀಬಾಕ್ಕೆ ಕೊಡುವ ಇಂಜೆಕ್ಷನ್ನೂ ಆಯಿತು. ಕೆಲವು ದಿನ ಉರುಟು ಕಾಣುತ್ತಿರಲಿಲ್ಲ. ನಾವು ಸಂತೋಷಪಡುವಷ್ಟರಲ್ಲಿ ಮತ್ತೆ ಹಾಜರು. ಅಷ್ಟರಲ್ಲಿ ಜವಾನನ ಸೋದರಮಾವನೊಬ್ಬ ಬದಲಿಗೆ ಬಂದು ಅಡಿಗೆ ಮಾಡುತ್ತಿದ್ದ. ಅವನ ಸಾರು ಉಂಡು, ಹಸಿವಿಲ್ಲದ ರೋಗಿಗಳೂ ದೇವಕಿ ಎಲ್ಲಿ ಎಂದು ಕೇಳತೊಡಗಿದರು.

ಕೊನೆಯ ಸಲ ಉರುಟು ಮರಳಿದ ದಿನ ದೇವಕಿ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರು ಕೈಚೆಲ್ಲಿ, ಇದು ಹೋಗುವುದಿಲ್ಲ ಮಾರಾಯ್ತಿ ಎಂದರು.

"ಹೇಗೆ ಹೋಗ್ತದೆ ಡಾಕ್ಟ್ರೇ? ಅದು ಚಾಲಗೇಣಿ ಅಲ್ಲ, ಮೂಲಗೇಣಿ" ಎಂದಳು ಅವಳು.

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಗೇಣಿ ಎರಡು ಬಗೆ. ಚಾಲಗೇಣಿಯ ಒಕ್ಕಲನ್ನು ಧಣಿ ಮನಸ್ಸು ಬಂದಾಗ ಎಬ್ಬಿಸಬಹುದು. ಮೂಲಗೇಣಿಯ ಒಕ್ಕಲು ಹಾಗಲ್ಲ. ಗೇಣಿ ಕೊಡುತ್ತಿರುವವರೆಗೆ ಅವನನ್ನಾಗಲಿ ಅವನ ಮಕ್ಕಳನ್ನಾಗಲಿ ಯಾರೂ ಅಲುಗಿಸುವಂತಿಲ್ಲ. ಮಂಗಳೂರಿನ ಪೇಟೆಯ ಅರ್ಧ ಮನೆಗಳು ಮೂಲಗೇಣಿಯ ಜಾಗದಲ್ಲೇ ನಿಂತಿವೆ.

ಡಾಕ್ಟರ ಮನೆತನ ಭೂಮಿ ಇದ್ದ ಮನೆತನ. ಅವರು ಬಿಡಲಿಲ್ಲ. "ಮೂಲಗೇಣಿಯವನು ಗೇಣಿ ಕೊಡ್ತಾನೆ ದೇವಕಿ. ಇದು ನಿನಗೆ ಎಂತ ಕೊಡ್ತದೆ?"

"ಗಲಾಟೆ ಮಾಡದೆ ಇರ್ತದಲ್ಲ, ಅದೇ ಗೇಣಿ. ನಂಗೆ ಹೊಟ್ಟೆನೋವು ಬಂದದ್ದು ನಿಮ್ಮ ಹರಳೆಣ್ಣೆ ಕುಡಿದ ಮೇಲೆಯೇ."

ಡಾಕ್ಟರು ನಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತರು. ನಾವು ಇಲ್ಲಿಯವರೆಗೆ ನೋಡಿದ್ದು ಕಾಯಿಲೆಯವರ ಡಬ್ಬಿಗಳನ್ನು ಮಾತ್ರ ಎಂದು ಅವರು ನನಗೆ ಹೇಳಿದ್ದು ಮರುದಿನ. ಕಾಯಿಲೆಯವರಲ್ಲಿ ಉರುಟು ಸಿಕ್ಕಿತು ಎಂದು ಉರುಟೇ ಕಾಯಿಲೆ ತಂದಿತು ಎಂದುಕೊಂಡೆವು. ಆರೋಗ್ಯವಾಗಿ ಓಡಾಡುವವರ ಹೊಟ್ಟೆಯಲ್ಲಿ ಏನಿದೆ ಎಂದು ಯಾರು ನೋಡಿದ್ದಾರೆ? ದೇವಕಿಗೂ ಅವರು ಸ್ಪಷ್ಟವಾಗಿ ಹೇಳಿದರು. ಆರೋಗ್ಯದವರಲ್ಲೂ ಕಾಯಿಲೆಯವರಷ್ಟೇ ಉರುಟು ಇದ್ದರೆ ಅಡಿಗೆಮನೆ ಅವಳದು. ಇಲ್ಲವಾದರೆ ಇಲ್ಲ.

ಆರೋಗ್ಯವಂತರ ಡಬ್ಬಿ ತರುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಹೊಟ್ಟೆನೋವಿನವನು ನಾಚಿಕೆಯನ್ನು ನುಂಗಿಕೊಂಡು ತರುತ್ತಾನೆ. ನೋವಿಲ್ಲದವನು ಯಾಕೆ ತರಬೇಕು? ನನ್ನನ್ನು ಕಂಡರೆ ಪರಿಚಯದವರು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಕೊನೆಗೆ ಬೋಳಾರದ ಕಡೆಯ ಒಂದು ಹಂಚಿನ ಕಾರ್ಖಾನೆಯ ಮೇಸ್ತ್ರಿ ಒಪ್ಪಿಕೊಂಡರು. ಮಣ್ಣು ತುಳಿಯುವವರು, ಹಂಚು ಹೊರುವವರು, ಗಟ್ಟಿ ಆಳುಗಳು. ಡಬ್ಬಿಗಳನ್ನು ಕೊಟ್ಟು ಬಂದೆ. ಹೇಳಿದ ದಿನಕ್ಕೆ ಎಲ್ಲ ಡಬ್ಬಿಗಳೂ ತುಂಬಿ ಬಂದವು.

ಒಂದರಲ್ಲೂ ಉರುಟು ಇರಲಿಲ್ಲ.

ನಾನು ಎರಡೆರಡು ಸಲ ನೋಡಿದೆ. ದೇವಕಿ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಎಂತ ಲ್ಯಾಬಿನವರೇ ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಅವಳು ಅಡಿಗೆಮನೆಯ ಹಿಂದೆ ಬಿಟ್ಟಿದ್ದ ತನ್ನ ಕೊಡೆಯನ್ನು ತೆಗೆದುಕೊಂಡು ಹೊರಟಳು. ಅಡಿಗೆಮನೆಯಲ್ಲಿ ಅವಳದೆಂದು ಉಳಿದಿದ್ದು ಆ ಕೊಡೆ ಮಾತ್ರ.

ಡಾಕ್ಟರು ಸ್ಲೈಡುಗಳನ್ನು ಒಂದೊಂದಾಗಿ ನೋಡಿದರು. ಮುಖ ಗಂಟಿಕ್ಕಿತು. "ಎಂತ ಕಾಣ್ತದೆ?" ಎಂದು ನನ್ನನ್ನು ಕೇಳಿದರು. ಎಂತದೂ ಕಾಣುವುದಿಲ್ಲ ಎಂದೆ.

"ಅದೇ ಹೇಳಿದ್ದು ನಾನು. ಉರುಟೂ ಇಲ್ಲ, ಕೊಕ್ಕೆಹುಳದ ಮೊಟ್ಟೆಯೂ ಇಲ್ಲ, ದುಂಡುಹುಳವೂ ಇಲ್ಲ. ಬರಿಗಾಲಲ್ಲಿ ಮಣ್ಣು ತುಳಿಯುವವರಿಗೆ ಇಷ್ಟು ಶುದ್ಧ ಹೊಟ್ಟೆಯಾ?"

ಡಬ್ಬಿಗಳನ್ನು ಕಿಟಕಿಯ ಬೆಳಕಿಗೆ ತಂದು ಸಾಲಾಗಿ ಇಟ್ಟರು. ಎಲ್ಲವೂ ಒಂದೇ ಸಮ ಕರ್ರಗಿದ್ದವು. ಕಾರ್ಖಾನೆಯ ಹೊಗೆಯೋ ಏನೋ ಎಂದು ನಾನೆಂದುಕೊಂಡಿದ್ದೆ. ಡಾಕ್ಟರು ತುಸು ಹೊತ್ತು ನೋಡಿ, ಈ ಕಪ್ಪು ಕಬ್ಬಿಣದ ಟಾನಿಕ್ಕಿನದು, ಈ ಟಾನಿಕ್ಕು ನನ್ನದು ಎಂದರು. ತಾವು ಬರೆದ ಔಷಧವನ್ನು ಅವರು ಡಬ್ಬಿಯಲ್ಲಿ ಗುರುತು ಹಿಡಿದಿದ್ದರು.

ನಾನು ಮರುದಿನ ಬೋಳಾರಕ್ಕೆ ಹೋದೆ. ದೇವಕಿಯೂ ಬಂದಳು. ಸತ್ಯ ಹೊರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಡಬ್ಬಿಗಳನ್ನು ಕಂಡು ಆಳುಗಳೆಲ್ಲ ಮುಖ ಮುಖ ನೋಡಿಕೊಂಡಿದ್ದರು. ಆಗ ಐತಪ್ಪ ಎಂಬವನು ಎದ್ದು, ಇದಕ್ಕೆಲ್ಲ ನಾಚಿಕೆ ಎಂತದು, ನನಗೆ ಆಸ್ಪತ್ರೆಯ ಅಭ್ಯಾಸ ಉಂಟು, ನಿಮ್ಮದನ್ನೂ ನಾನೇ ಕೊಡುತ್ತೇನೆ ಎಂದಿದ್ದನಂತೆ. ಡಬ್ಬಿಗೊಂದು ಬೀಡಿ. ಕೊಕ್ಕೆಹುಳಕ್ಕೆ ನಮ್ಮ ಡಾಕ್ಟರಿಂದಲೇ ಔಷಧ ತೆಗೆದುಕೊಂಡು, ರಕ್ತ ಆಗಲೆಂದು ಟಾನಿಕ್ಕು ಕುಡಿಯುತ್ತಿದ್ದ ಮನುಷ್ಯ ಅವನು. ಇಡೀ ಕಾರ್ಖಾನೆಯ ಆರೋಗ್ಯವಂತರ ಬದಲಿಗೆ ನಾವು ನೋಡಿದ್ದು ನಮ್ಮದೇ ಆಸ್ಪತ್ರೆಯ ಒಬ್ಬ ರೋಗಿಯನ್ನು.

ಐತಪ್ಪನಿಗೆ ಬೇಸರವಾಯಿತು. "ಕಮ್ಮಿ ಬಿತ್ತಾ ಕಂಪೌಂಡರೇ? ಇನ್ನೂ ಬೇಕಾದರೆ ನಾಳೆ ಕೊಡ್ತೇನೆ" ಎಂದ.

ದೇವಕಿ ಅಲ್ಲೇ ಒಂದು ಹಂಚಿನ ರಾಶಿಯ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಲಸ ಹೋಗುವ ಭಯದಲ್ಲಿ ವಾರಗಟ್ಟಲೆ ಮುಖ ಬಾಡಿಸಿಕೊಂಡಿದ್ದವಳು ಹಾಗೆ ನಕ್ಕದ್ದನ್ನು ನೋಡಿ ನನಗೂ ನಗು ಬಂತು. ನನ್ನ ಮನಸ್ಸು ಅವಳ ಕಡೆಗೆ ಹೋದದ್ದು ಆ ದಿನ ಎಂದು ನಾನು ಅವಳಿಗೆ ಮುಂದೆ ಹೇಳಿದ್ದೆ. ಅವಳು ನೆಂಟರಿಗೆ ಈ ಕಥೆ ಹೇಳುವಾಗ, ನಮ್ಮ ಮದುವೆಯ ದಲ್ಲಾಳಿ ಐತಪ್ಪ, ಅವನು ಕೊಟ್ಟದ್ದು ಎಂತ ಎಂದು ಮಾತ್ರ ಕೇಳಬೇಡಿ ಎನ್ನುತ್ತಿದ್ದಳು.

ನಗು ನಿಂತ ಮೇಲೆ ಅವಳು ಹಂಚು ಹೊರುವ ಹೆಂಗಸರ ಹತ್ತಿರ ಹೋಗಿ ಕುಳಿತಳು. ಮೈಕ್ರೋಸ್ಕೋಪಿನ ಸುದ್ದಿಯನ್ನೇ ಎತ್ತಲಿಲ್ಲ. ತುಳುವಿನಲ್ಲಿ ಅವಳು ಹೇಳಿದ್ದಿಷ್ಟು: "ನನ್ನ ಹೊಟ್ಟೆಯಲ್ಲಿ ಒಂದು ಒಕ್ಕಲು ಉಂಟಂತೆ. ಅದನ್ನು ಎಬ್ಬಿಸಲಿಕ್ಕೆ ಆಗಲಿಲ್ಲ ಅಂತ ಈಗ ನನ್ನನ್ನೇ ಎಬ್ಬಿಸ್ತಾರೆ. ಅಂಥ ಒಕ್ಕಲು ನಿಮ್ಮ ಮನೆಯಲ್ಲಿಯೂ ಉಂಟಾ ಅಂತ ತೋರಿಸಿ."

ನಾನು ಪರೀಕ್ಷೆ, ವಿಜ್ಞಾನ, ಮದ್ರಾಸು ಎಂದೆಲ್ಲ ಹೇಳಿ ಸೋತಿದ್ದೆ. ಎಬ್ಬಿಸುವುದು ಎಂದರೆ ಏನೆಂದು ಮಾತ್ರ ಆ ಹೆಂಗಸರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆ ವಾರ ಬೋಳಾರದಿಂದ, ಕುದ್ರೋಳಿಯಿಂದ, ಬಂದರಿನ ಮೀನು ಮಾರುವ ಹೆಂಗಸರ ಮನೆಗಳಿಂದ ಡಬ್ಬಿಗಳು ಬರತೊಡಗಿದವು. ಡಬ್ಬಿ ಮುಗಿದ ಮೇಲೆ ತೆಂಗಿನ ಗೆರಟೆಗಳಲ್ಲಿ ಬಂದವು. ಮರ್ಯಾದೆಗೆಂದೂ ವಾಸನೆಗೆಂದೂ ಪ್ರತಿಯೊಂದನ್ನೂ ಅರಸಿನದ ಎಲೆಯಲ್ಲಿ ಮಡಚಿ ಬಾಳೆನಾರು ಕಟ್ಟಿದ್ದರು. ಅದು ನಾಗರಪಂಚಮಿಯ ಹೊತ್ತು, ಅರಸಿನದ ಎಲೆ ಎಲ್ಲರ ಹಿತ್ತಲಲ್ಲೂ ಬೇಕಾದಷ್ಟು. ಆ ಎಲೆಯಲ್ಲಿ ಅಕ್ಕಿಹಿಟ್ಟು, ಬೆಲ್ಲ, ಕಾಯಿ ಮಡಚಿ ಬೇಯಿಸುವ ಗಟ್ಟಿಯನ್ನು ಕೊಂಕಣಿಯವರು ಪಾತೊಳಿ ಎನ್ನುತ್ತಾರೆ. ಲ್ಯಾಬಿನ ಮೇಜಿನ ತುಂಬ ಹಬ್ಬದ ಪರಿಮಳ.

ನಮ್ಮ ಗುಮಾಸ್ತರು ವಾಮನರಾಯರು, ಕೊಂಕಣಿಯವರು, ಸಿಹಿತಿಂಡಿ ಎಂದರೆ ಪ್ರಾಣ. ನಾನು ನೀಲಿ ನೀರು ಬದಲಿಸಲು ಹೊರಗೆ ಹೋಗಿ ಬರುವಷ್ಟರಲ್ಲಿ ಅವರು ಮೇಜಿನ ಮುಂದೆ ಕುಳಿತು ಒಂದು ಪೊಟ್ಟಣದ ನಾರು ಬಿಚ್ಚುತ್ತಿದ್ದರು.

"ಯಾರು ಮಾರಾಯ್ರೇ ಇಷ್ಟು ಪಾತೊಳಿ ತಂದದ್ದು? ಒಬ್ಬನೇ ತಿನ್ನುವ ಅಂದಾಜಾ?"

ಅದು ನಿಮಗೆ ಬೇಡ ರಾಯರೇ ಎಂದೆ.

"ಎಂತಕ್ಕೆ ಬೇಡ? ಆಸ್ಪತ್ರೆಗೆ ಬಂದದ್ದು ಸ್ಟಾಫಿಗೆಲ್ಲ ಸೇರಿದ್ದು" ಎನ್ನುತ್ತಾ ಎಲೆಯನ್ನು ಬಿಡಿಸಿಯೇ ಬಿಟ್ಟರು.

ಪಾಪ, ಮುಂದಿನ ವರ್ಷ ಹಬ್ಬದಲ್ಲಿ ಅವರ ಮನೆಯವರು ಅರಸಿನದ ಎಲೆ ತಂದಾಗ ರಾಯರು ಮನೆ ಬಿಟ್ಟು ಹೊರಗೆ ಹೋದರಂತೆ.

ಫಲಿತಾಂಶ ಹೇಳುತ್ತೇನೆ. ಆರೋಗ್ಯವಂತರಲ್ಲೂ ಕಾಯಿಲೆಯವರಷ್ಟೇ ಜನರಿಗೆ ಉರುಟು ಇತ್ತು. ಮೂರು ಹೊತ್ತು ಉಂಡು, ಹೊರೆ ಹೊತ್ತು, ಮಕ್ಕಳನ್ನು ಹೆತ್ತು ಗಟ್ಟಿಮುಟ್ಟಾಗಿದ್ದ ಹೆಂಗಸರಲ್ಲಿ ಇತ್ತು. ಭೇದಿಯ ಮಕ್ಕಳಲ್ಲಿ ಕೆಲವರಿಗೆ ಇರಲೇ ಇಲ್ಲ. ಡಾಕ್ಟರು ತಮ್ಮದನ್ನೂ ಪರೀಕ್ಷೆಗೆ ಕೊಟ್ಟಿದ್ದರು. ಅವರಲ್ಲಿ ಇಲ್ಲ ಎಂದಾಗ ಅವರ ಮುಖದಲ್ಲಿ ಸ್ವಲ್ಪ ನಿರಾಶೆ ಕಂಡ ಹಾಗಾಯಿತು. ಅಷ್ಟರಲ್ಲಿ ಮಕ್ಕಳ ವಾರ್ಡಿನ ಬಾವಿಗೆ ಮಳೆಯಲ್ಲಿ ಚರಂಡಿಯ ನೀರು ಸೇರುತ್ತಿರುವುದು ಗೊತ್ತಾಗಿ, ಬಾವಿಯ ಕಟ್ಟೆ ಕಟ್ಟಿಸಿ ಔಷಧ ಹಾಕಿದ ಮೇಲೆ ಭೇದಿ ನಿಂತಿತು.

ದೇವಕಿಯನ್ನು ಕರೆಸಿ ಡಾಕ್ಟರು ಅಡಿಗೆಮನೆಯ ಬೀಗದ ಕೈ ಕೊಟ್ಟರು. ಕೊಡುವಾಗಲೂ ಅವರು ತಮ್ಮ ಸ್ವಭಾವ ಬಿಡಲಿಲ್ಲ. "ಅದು ಒಳ್ಳೆಯದು ಅಂತ ನಾನು ಹೇಳ್ಲಿಲ್ಲ. ಕಳ್ಳ ಅಂತ ಸಾಬೀತಾಗಲಿಲ್ಲ, ಅಷ್ಟೇ. ಕೈ ತೊಳೆಯದೆ ಪಾತ್ರೆ ಮುಟ್ಟಿದರೆ ಮಾತ್ರ ನೋಡು."

"ನಾನು ತೊಳೀತೇನೆ ಡಾಕ್ಟ್ರೇ. ಆ ಜವಾನನ ಮಾವನಿಗೆ ಹೇಳಿದ್ರಾ?" ಎಂದು ಅವಳು ಒಳಗೆ ಹೋಗಿ ಒಲೆ ಹಚ್ಚಿದಳು. ಆ ಮಧ್ಯಾಹ್ನ ವಾರ್ಡುಗಳಲ್ಲಿ ಅನ್ನ ಉಳಿಯಲಿಲ್ಲ.

ಡಾಕ್ಟರು ಇದನ್ನೆಲ್ಲ ಬರೆದು ಮದ್ರಾಸಿನ ಒಂದು ವೈದ್ಯರ ಸಭೆಯಲ್ಲಿ ಓದಿದರು. ಹಾಗಾದರೆ ನೀವು ಕೊನೆಗೆ ಕಂಡುಹಿಡಿದದ್ದು ಏನು ಎಂದು ಹಿರಿಯರೊಬ್ಬರು ಕೇಳಿದರಂತೆ. ನನಗೆ ಗೊತ್ತಿಲ್ಲ ಎಂಬುದನ್ನು ಕಂಡುಹಿಡಿದೆ ಎಂದು ಇವರು ಹೇಳಿ ಬಂದರು. ಸಭೆ ನಕ್ಕಿತು. ಇವರು ಆ ಮಾತನ್ನು ತಮಾಷೆಗೆ ಹೇಳಿದ್ದಲ್ಲ. ಉರುಟಿನ ಜಗಳ ಈಗಲೂ ತೀರಿಲ್ಲ ಎಂದು ಕೇಳಿದ್ದೇನೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಇದ್ದದ್ದೇ ಅಪರಾಧ ಅಲ್ಲ. ಕಂಡದ್ದನ್ನು ಬರೆಯಿರಿ, ತೀರ್ಪನ್ನು ನಿಧಾನವಾಗಿ ಕೊಡಿ. ಡಬ್ಬಿಯ ಆಚೆ ಒಬ್ಬರ ಒಲೆ ಉರಿಯುತ್ತಿರುತ್ತದೆ.

ಮುಂದಿನ ವರ್ಷ ನಮ್ಮ ಮದುವೆ ಆಯಿತು. ನನ್ನ ತಾಯಿ ಮೊದಲು ಹಿಂಜರಿದರು. ಅದು ನಿನಗೆ ದಾಟುವುದಿಲ್ಲವಾ ಎಂದು ಕೇಳಿದರು. ದಾಟಿದರೂ ದಾಟೀತು, ಗೊತ್ತಿಲ್ಲ ಎಂದೆ. ಡಾಕ್ಟರ ಹತ್ತಿರ ಕಲಿತ ಉತ್ತರ. ದೇವಕಿಯ ಕೈಯ ನೀರುದೋಸೆ ತಿಂದ ಮೇಲೆ ತಾಯಿ ಮತ್ತೆ ಆ ವಿಷಯ ಎತ್ತಲಿಲ್ಲ.

ಒಂದು ಮಾತಿಗೆ ಮಾತ್ರ ದೇವಕಿ ನನ್ನನ್ನು ಜೀವಮಾನವಿಡೀ ಚುಚ್ಚಿದಳು. ಊರಿನವರ ಡಬ್ಬಿಯೆಲ್ಲ ನೋಡಿದ ನಾನು ನನ್ನದನ್ನು ಒಮ್ಮೆಯೂ ಪರೀಕ್ಷೆಗೆ ಕೊಟ್ಟವನಲ್ಲ. ಪ್ರತಿ ವರ್ಷ ಅರಸಿನದ ಎಲೆಯ ಗಟ್ಟಿ ಬೇಯಿಸುವಾಗ ಒಂದು ಎಲೆಯನ್ನು ಬೇರೆಯಾಗಿ ತೆಗೆದಿಟ್ಟು, "ಲ್ಯಾಬಿನವರೇ, ಇದು ನಿಮಗೆ. ಯಾವಾಗ ಕೊಡ್ತೀರಿ?" ಎನ್ನುವಳು. ನಿವೃತ್ತಿಯಾದ ದಿನವೂ ಕೇಳಿದಳು. ಆಗಲಿ, ನೋಡುವ ಎಂದು ನಾನು ಹೇಳುತ್ತಲೇ ಬಂದೆ.

ಈ ವರ್ಷ ಅವಳಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಅದೇ ಆಸ್ಪತ್ರೆ. ಲ್ಯಾಬಿನಲ್ಲಿ ಈಗ ಇರುವವನು ಸಂಜೀವ, ನಾನೇ ಕಲಿಸಿದವನು. ಎಲ್ಲ ಪರೀಕ್ಷೆ ಮಾಡಿ ಹಾಸಿಗೆಯ ಹತ್ತಿರ ಬಂದು, ಅಮ್ಮನಿಗೆ ಆ ಉರುಟು ಈಗಲೂ ಉಂಟು ಮಾಸ್ಟ್ರೇ ಎಂದು ನನ್ನ ಕಿವಿಯಲ್ಲಿ ಹೇಳಿದ. ದೇವಕಿ ಕಣ್ಣು ಮುಚ್ಚಿಯೇ ಇದ್ದಳು. ಕೇಳಿಸಿಕೊಂಡಿದ್ದಳು.

"ಪಾಪ, ಅದಕ್ಕೆ ಇನ್ನು ಮನೆ ಹುಡುಕಬೇಕು" ಎಂದಳು.

ಸಂಜೀವ ತಿರುಗಿ ನಿಂತುಕೊಂಡ. ಅವಳು ಮಾತ್ರ ಸಣ್ಣಗೆ ನಗುತ್ತಿದ್ದಳು. ಎರಡು ದಿನ ಬಿಟ್ಟು ಹೋದಳು.

ಅವಳು ನೆಟ್ಟ ಅರಸಿನ ಬಾವಿಕಟ್ಟೆಯ ಹತ್ತಿರ ಈ ಸಲವೂ ಸೊಂಪಾಗಿ ಬಂದಿದೆ. ಗಟ್ಟಿ ಮಾಡುವವರಿಲ್ಲ. ಕಳೆದ ವಾರ ಒಂದು ಎಲೆ ಕೊಯ್ದೆ. ಡಬ್ಬಿಗೆ ಸುತ್ತಿ, ನಾರು ಕಟ್ಟಿ, ಚೀಲದಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ನಡೆದೆ. ದಾರಿಯುದ್ದಕ್ಕೂ ಎದುರಿಗೆ ಬಂದವರ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ನನ್ನ ಬಾಗಿಲಿಗೆ ಬಂದವರ ನಾಚಿಕೆ ಎಂಥದ್ದೆಂದು ಆಗ ಗೊತ್ತಾಯಿತು.

ಸಂಜೀವ ಎಲೆ ಬಿಡಿಸಿದ. ಬಲ್ಬು ಹಾಕಿ ಬಗ್ಗಿ ನೋಡಿದ. ತುಸು ಹೊತ್ತಿನ ಮೇಲೆ ತಲೆಯೆತ್ತಿ ಹೆಸರು ಹೇಳಲು ಹೊರಟ.

"ಹೆಸರು ಬೇಡ. ಎಂತ ಕಾಣ್ತದೆ ಹೇಳು" ಎಂದೆ.

"ಉರುಟು ಉಂಟು ಮಾಸ್ಟ್ರೇ. ನಡುವೆ ಖಾಲಿ. ಅಂಚಿನಲ್ಲಿ ಚುಕ್ಕೆ ಚುಕ್ಕೆ."

ನಾನೂ ಬಗ್ಗಿ ನೋಡಿದೆ. ಕಣ್ಣು ಮಂಜಾಗಿದೆ, ಆದರೂ ಕಂಡಿತು. ಕಲ್ಲಿನ ಬಳೆಗಳು. ಅದು ಅವಳಿಂದಲೇ ಬಂದದ್ದು ಎಂದು ನಾನು ಹೇಳಲಾರೆ. ಬಾವಿಯಿಂದ ಬಂದಿರಬಹುದು, ಎಲ್ಲಿಂದಲೂ ಬಂದಿರಬಹುದು. ಡಾಕ್ಟರು ಇದ್ದಿದ್ದರೆ ಅವಳಿಂದಲೇ ಎನ್ನಲು ಬಿಡುತ್ತಿರಲಿಲ್ಲ. ಕಂಡದ್ದನ್ನು ಮಾತ್ರ ಬರೆದಿದ್ದೇನೆ.

ಔಷಧ ಬರೆಸಿ ಕೊಡಲಾ ಎಂದು ಸಂಜೀವ ಕೇಳಿದ.

"ಬೇಡ ಮಾರಾಯ, ಇರಲಿ" ಎಂದೆ. "ಗೇಣಿ ಸರಿಯಾಗಿ ಬರ್ತಾ ಉಂಟು."